ಸೊಸಿ ಬಂದಮ್ಯಾಲೆ ಬರಕೊ

ನಮ್ಮನ್ಯಾಗ ಇಂಥವು ಆಗ್ತಾನ ಇರ್ತಾವ, ಯಾಕಂದ್ರ ನಮ್ಮನ್ಯಾಗ ನಮ್ಮಜ್ಜಿ ಅದಾಳ. ನಾನು ಮೂಲ್ಯಾಗ ಪುಸ್ತಕ ಹಿಡ್ಕೊಂಡು, ಓದಿದಂಗ ಮಾಡಿ, ಎಲ್ಲಾ ಕೇಳ್ತಿರ್ತೀನಿ. ಬಾಯಿ ಬಿಟ್ಟು ಹೇಳ್ತಿರೋದು ಇದ ಮೊದಲು. ನಾ ತಡವರಿಸಿದ್ರ ನಗಬ್ಯಾಡ್ರಿ, ಅಜ್ಜಿ ಮಾತಿಗೆ ನಗ್ರಿ.

೧. ಯಾರು ಮೊದಲು

ಯುಗಾದಿ ಮುಂದ ನಮ್ಮವ್ವಗ ಎದಿಯಾಗ ಗಂಟು ಐತಿ, ಕ್ಯಾನ್ಸರ್, ಆಪರೇಷನ್ ಮಾಡಬೇಕು ಅಂದ್ರು. ಅವ್ವ ಒಲ್ಲೆ ಅಂದ್ಲು. ಅಜ್ಜಿಗೆ ಕಣ್ಣಾಗ ಪೊರಿ ಬಂದು ಎರಡು ವರ್ಷ ಆಗಿತ್ತು. ಆಕಿನೂ ಆಪರೇಷನ್ ಒಲ್ಲೆ ಅಂತಿದ್ಲು.

"ಅಂಜಬ್ಯಾಡ, ಹೋಗು. ಡಾಕ್ಟ್ರು ಎಲ್ಲಾ ನೋಡ್ಕೊಂತಾರ," ಅಂದ್ಲು ಅಜ್ಜಿ.

"ಹಂಗಾದ್ರ ನೀವ ಮೊದಲು ಕಣ್ಣು ಮಾಡಿಸ್ಕೊಳ್ರಿ ಅತ್ತಿ."

"ಮುದುಕಿಗ್ಯಾಕ ಕಣ್ಣು?"

"ನಾ ವಾಪಸ್ ಬಂದಾಗ ನನ್ನ ನೋಡಾಕ."

ಅಜ್ಜಿ ಅಪ್ಪನ ಕಡೆ ತಿರುಗಿ ಅಂದ್ಲು, "ಇಬ್ಬರಿಗೂ ಆಸ್ಪತ್ರಿ ಚೀಟಿ ಮಾಡಿಸೋ. ಹದಿನೆಂಟು ವರ್ಷದಾಗ ಇದೊಂದ ಜಗಳ ಆಕಿ ಗೆದ್ದಿರೋದು."

೨. ಒಪ್ಪಿಗಿ ಕಾಗದ

ಅವ್ವನ್ನ ಅಪ್ಪ ದೂರದೂರಿನ ಕ್ಯಾನ್ಸರ್ ಆಸ್ಪತ್ರಿಗೆ ಕರ್ಕೊಂಡು ಹೋದ. ನಮ್ಮದು ಕೋಗಳಿ ಹತ್ರದ ಹಳ್ಳಿ. ಅಜ್ಜಿ ಜೋಡಿ ಹಗರಿಬೊಮ್ಮನಹಳ್ಳಿ ಬಸ್ ಹತ್ತಿ ಕಣ್ಣಿನ ಆಸ್ಪತ್ರಿಗೆ ಹೋದಾಕಿ ನಾನು.

ಅಲ್ಲಿ ಒಬ್ಬಾಕಿ ಅಕ್ಕ, ಕೈಯಾಗ ಟ್ಯಾಬು. ಆಪರೇಷನ್ ಆದೋರಿಗೆ ಮುಂದ ಎಷ್ಟು ಚಲೋ ಕಾಣತೈತಿ ಅಂತ ಸಂಶೋಧನಿ ನಡದೈತಿ, ಮೂರು ಸಲ ಮನಿಗೆ ಬಂದು ಕೇಳ್ತೀವಿ ಅಂದ್ಲು. ಒಪ್ಪಿಗಿ ಕಾಗದ ನಾನ ಓದಿ ಹೇಳಬೇಕಾತು. ತಡವರಿಸ್ಕೊಂತ ಓದಿದೆ. "ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು. ಕಾರಣ ಹೇಳಬೇಕಾಗಿಲ್ಲ."

ಅಜ್ಜಿ ಹೆಬ್ಬಟ್ಟು ಒತ್ತಿ ಅಂದ್ಲು, "ನನ್ನ ಮದಿವ್ಯಾಗ ಇಂಥಾದೊಂದು ಕಾಗದ ಯಾರೂ ಓದಲಿಲ್ಲ ನೋಡವ್ವ."

೩. ಗುರುತು

ಯಾವ ಕಣ್ಣು ಅಂತ ತಪ್ಪಬಾರದಲ್ಲ, ಅದಕ್ಕ ನರ್ಸು ಅಜ್ಜಿ ಹುಬ್ಬಿನ ಮ್ಯಾಲೆ ಪೆನ್ನಿಲೆ ಗುರುತು ಹಾಕಿದ್ರು. ನಮ್ಮದು ಕುರಿ ಸಾಕೋ ಮನಿ. ಸಂತ್ಯಾಗ ಯಾಪಾರ ಕುದುರಿದ ಕೂಡ್ಲೆ ಕೊಂಡಾವ ಕುರಿ ಮ್ಯಾಲೆ ಬಣ್ಣ ಹಚ್ಚತಾನ. ಬಣ್ಣ ಹಚ್ಚಿದ ಕುರಿ ಮತ್ತ ಹಟ್ಟಿಗೆ ಬರಂಗಿಲ್ಲ.

ಅಜ್ಜಿ ಸೆರಗಿಲೆ ಒರೆಸಿಬಿಟ್ಲು. ನರ್ಸು ಮತ್ತ ಹಾಕಿದ್ರು. ಅಜ್ಜಿ ಮತ್ತ ಒರೆಸಿದ್ಲು.

"ಯಾಕಜ್ಜಿ ಹಿಂಗ ಮಾಡ್ತಿ?" ಅಂತ ನರ್ಸು ಸಿಟ್ಟಾದ್ರು.

"ಮೊದಲು ಹೇಳವ್ವ, ನನ್ನ ಕೊಂಡಾವ ಯಾರು?"

೪. ಒಂದು ಪ್ರಶ್ನಿ ಖಾಲಿ

ಅಜ್ಜಿ ಕಣ್ಣು ಚಲೋ ಆತು. ಆ ಕಡೆ ಅವ್ವನ ಆಪರೇಷನ್ನೂ ಆತು, ಆದ್ರ ಔಷಧಿ ಮುಗಿಯೋತನ ಅಲ್ಲೇ ಇರಬೇಕಂತ. ದಿನಾ ಸಂಜಿಕೆ ಫೋನ್ ಮಾಡ್ತಿದ್ಲು. "ಇವತ್ತೇನು ಓದಿದಿ?" ಅಂತ ಕೇಳ್ತಿದ್ಲು. ಈ ಮಾತು ನನ್ನ ಮತ್ತ್ಯಾರೂ ಕೇಳಂಗಿಲ್ಲ. ಹೇಳೋದು ಭಾಳ ಇರ್ತಿತ್ತು. "ಏನಿಲ್ಲವ್ವ" ಅಂತಿದ್ದೆ.

ವಿಡಿಯೋ ಮಾತ್ರ ಅವ್ವ ಹಚ್ಚತಿದ್ದಿಲ್ಲ. ಕೂದಲೆಲ್ಲಾ ಉದುರ್ಯಾವ ಅಂತ ಅಪ್ಪ ನನಗೊಬ್ಬಾಕಿಗೆ ಹೇಳಿದ್ದ.

"ಕಣ್ಣು ಮಾಡಿಸ್ಕೊ ಅಂತ ಜಗಳ ಆಡಿದಾಕಿ ಈಗ ಮುಖ ಬಚ್ಚಿಟ್ಟಾಳ," ಅಂತಿದ್ಲು ಅಜ್ಜಿ. "ಇಷ್ಟು ಚಲೋ ಕಣ್ಣಿಲೆ ಬರೇ ನಿನ್ನ ನೋಡೋದಾತು."

ಟ್ಯಾಬಿನ ಅಕ್ಕ ಮನಿಗೆ ಬಂದು ಕೇಳಿದ್ಲು, "ಅಜ್ಜಿ, ಅಕ್ಕಿ ಹಸನ ಮಾಡಾಕ ತೊಂದ್ರಿ ಐತೇನು?"

"ಇಲ್ಲ."

"ದೂರದಾಗ ಇದ್ದೋರ ಮುಖ ಗುರುತ ಹತ್ತತೈತಾ?"

"ಕುರಿದಾ, ಮನಷ್ಯಾರದಾ?"

"ಮನಷ್ಯಾರದು."

"ಅದನ್ನ ಸೊಸಿ ಬಂದಮ್ಯಾಲೆ ಬರಕೊ."

ಎರಡನೇ ಸಲ ಬಂದಾಗೂ ಅದ ಉತ್ತರ. "ಖಾಲಿ ಬಿಟ್ರ ಮ್ಯಾಲಿನೋರು ಬೈತಾರಜ್ಜಿ," ಅಂದ್ಲು ಅಕ್ಕ.

"ಬೈಲಿ ಬಿಡು. ಅವರ ಅತ್ತೀನ ಕೇಳಿ ಬರಕೊಳ್ಳಲಿ."

೫. ಕಡೀ ಸಲ

ಅಕ್ಕ ಮೂರನೇ ಸಲ ಬಂದಾಗ ದಸರಾ ಮುಗದಿತ್ತು. ಅವತ್ತ ಅವ್ವನೂ ಬರೋದಿತ್ತು.

"ಅಜ್ಜಿ, ಆ ಪ್ರಶ್ನಿ..."

"ತಡಿ. ಬಸ್ಸು ಬರಲಿ."

ಮೂರೂ ಮಂದಿ ಕಟ್ಟಿ ಮ್ಯಾಲೆ ಕುಂತು ದಾರಿ ನೋಡಿದ್ವಿ. ಬಸ್ಸು ಬಂತು. ಅಪ್ಪ ಹಿಂದ ಚೀಲ ಇಳಿಸ್ತಿದ್ದ. ಮುಂದ ಇಳಿದಾಕಿ ಕಡ್ಡಿಯಂಗ ಆಗಿದ್ಲು, ತಲಿಗೆ ಬಿಗಿಯಾಗಿ ಬಟ್ಟಿ ಕಟ್ಟಿದ್ಲು. ನೆಟ್ಟಗ ನಮ್ಮ ಕಟ್ಟಿ ಮುಂದ ಬಂದು ನಿಂತ್ಲು.

ಅಜ್ಜಿ ದಿಟ್ಟಿಸಿ ನೋಡಿ, "ಯಾರವ್ವ? ಯಾರ ಮನಿ ಬೇಕಿತ್ತು?" ಅಂದ್ಲು.

ಅಕ್ಕನ ಬೆರಳು ಟ್ಯಾಬಿನಾಗ "ಭಾಳ ತೊಂದ್ರಿ" ಕಡೆ ಹೋತು.

"ನಿಮ್ಮ ಮನೀನ ಅತ್ತಿ."

ಅಜ್ಜಿ ಎದ್ದು ಹತ್ರ ಹೋದ್ಲು. ಅವ್ವನ ಕುತ್ತಿಗಿ ಕೆಳಗ ನೀಲಿ ಗುರುತು ಇತ್ತು. ರೇಡಿಯೇಷನ್ ಕರೆಂಟ್ ಕೊಡೋ ಜಾಗ ತಪ್ಪಬಾರದಂತ ಡಾಕ್ಟ್ರು ಹಾಕಿದ್ದು. ಅಜ್ಜಿ ಹೆಬ್ಬಟ್ಟಿಲೆ ಒರೆಸಿದ್ಲು. ಹೋಗಲಿಲ್ಲ. ಅವ್ವನ ಮುಂಗೈ ಗಟ್ಟಿಗೆ ಹಿಡ್ಕೊಂಡ್ಲು.

ಅವ್ವ ನನ್ನ ಕಡೆ ನೋಡಿ, "ಇವತ್ತೇನು ಓದಿದಿ?" ಅಂದ್ಲು. ಎಲ್ಲಾ ಹೇಳಬೇಕಂತ ಬಾಯಿ ತಗದೆ. ಅಳುನ ಬಂತು.

ಅಕ್ಕ ಮೆಲ್ಲಕ ಕೇಳಿದ್ಲು, "ಅಜ್ಜಿ, ಏನಂತ ಬರಕೊಳ್ಳಲಿ?"

"ಕಣ್ಣು ಚಲೋ ಐತಿ, ಸೊಸಿನ ಬದಲಾಗ್ಯಾಳ ಅಂತ ಬರಕೊ," ಅಂದ್ಲು ಅಜ್ಜಿ, ಹಿಡದ ಕೈ ಬಿಡದ. "ಇನ್ನೊಂದು ಬರಕೊ. ಬಣ್ಣ ಹಚ್ಚಿದ ಕುರಿ ಹಟ್ಟಿಗೆ ವಾಪಸ್ ಬಂದೈತಿ. ಕೊಂಡಾವ ಹುಡುಕ್ಕೊಂಡು ಬಂದ್ರ ಯಾಪಾರ ಮುರದೈತಿ ಅನ್ನು. ಕಾರಣ ಹೇಳಬೇಕಾಗಿಲ್ಲ ಅಂತ ನಿನ್ನ ಕಾಗದದಾಗ ಐತಿ."