ಅದೃಶ್ಯ ರಾಕ್ಷಸನ ದಾರಿಗೆ ಕಡಕ್ ರೊಟ್ಟಿ

ರೊಟ್ಟಿ ತಿಂದ ತಪ್ಪಿಗೆ ನಿಮ್ಮನ್ನು ಯಾರಾದರೂ ಕೊಂದಿದ್ದಾರೆಯೇ? ನನ್ನನ್ನು ಕೊಂದಿದ್ದಾರೆ. ಒಂದೇ ಮಧ್ಯಾಹ್ನ ಎರಡು ಸಲ ಸತ್ತವಳು ನಾನು, ಎರಡೂ ಸಲ ನಮ್ಮ ಕಾಕಾನ ತೀರ್ಪಿನಿಂದ!

ಕಾಕಾ ಅಂದರೆ ಅಪ್ಪನ ತಮ್ಮ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಚಾದರ್ ಅಂಗಡಿ. ಗಿರಾಕಿ ಬಂದರೆ ಚಾದರ್ ಬಿಚ್ಚುವ ಮೊದಲು ಕತೆ ಬಿಚ್ಚುವ ಆಸಾಮಿ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ, ಅಮೆರಿಕದಿಂದ ರಜೆಗೆ ಬಂದ ನಮ್ಮ ಕಡೆಯ ಗಿರಾಕಿಯೊಬ್ಬರು ಅವರಿಗೇ ಒಂದು ಕತೆ ಹೇಳಿಬಿಟ್ಟರು. ಅಲ್ಲಿ ಜನ ಮೇಜಿನ ಸುತ್ತ ಕೂತು, ಬಾಯಲ್ಲೇ ಕಾಡು ಹೊಕ್ಕು, ಬಾಯಲ್ಲೇ ರಾಕ್ಷಸರನ್ನು ಹೊಡೆಯುತ್ತಾರಂತೆ; ಗೆಲುವು ಸೋಲು ದಾಳ ಹೇಳುತ್ತದಂತೆ. ಕಾಕಾ ಅರ್ಧ ಕೇಳಿದರು, ಉಳಿದರ್ಧ ತಾವೇ ಹುಟ್ಟಿಸಿದರು. ಮರುದಿನ ಅಂಗಡಿಗೆ ಬೀಗ! ಎಸ್‌ಟಿ ಬಸ್ಸು ಹತ್ತಿ ನಮ್ಮೂರು ಕರಜಗಿಗೆ ಬಂದೇಬಿಟ್ಟರು.

ಪಡಸಾಲೆಯಲ್ಲಿ ಹರಿದ ಚಾದರ್ ಹಾಸಿ, ಅದರ ಮೇಲೆ ಸುಣ್ಣದಿಂದ ಗುಡ್ಡ, ಹಳ್ಳ, ಹುಣಸೆಮರ ಬರೆದರು. ಕವಡೆಯೇ ದಾಳ. ನಾನು ಮತ್ತು ದೊಡ್ಡಪ್ಪನ ಮಗ ಶಿವು ವೀರರು. ರಾಕ್ಷಸ ಯಾರು?

"ಅಪ್ಪಾ, ನೀ ಆಗು," ಎಂದರು ಕಾಕಾ, ನಮ್ಮ ಅಜ್ಜನಿಗೆ.

ಅಡುಗೆಮನೆಯಿಂದ ಅಜ್ಜಿ: "ಅವ್ರಿಗಿ ಬ್ಯಾರೆ ಸೋಗು ಯಾಕ ಬೇಕೋ!"

ಅಜ್ಜ ಮೀಸೆ ತಿರುವಿ ಕೂತರು. ಆದರೆ ನನ್ನನ್ನು ನೋಡಿ ಗೊಣಗಿದರು: "ಈ ಪೋರಿ ಏನ್ ಆಡ್ತದ? ಬಾಯೇ ಬಿಡಂಗಿಲ್ಲ. ಇದನ್ನ ಸೊಲ್ಲಾಪುರದ ಸಾಲಿಗಿ ಕಳಸು ಅಂತೀರಿ. ಅಲ್ಲಿ ಹಾದಿ ತಪ್ಪಿದ್ರ ಯಾರನ್ನ ಕೇಳ್ತದ?"

ನನ್ನದು ಆಗಷ್ಟೇ ಏಳನೇ ಮುಗಿದಿತ್ತು. ಮುಂದಿನ ಶಾಲೆ ಅಜ್ಜನ ಒಂದು ಮಾತಿನ ಮೇಲೆ ನಿಂತಿತ್ತು. ನಾನೋ, "ಬೇಕು" ಅನ್ನುವುದಕ್ಕೂ ಹೆದರಿ ತಲೆಯಾಡಿಸುವವಳು!

ಕಾಕಾ ಆಟದ ಒಂದೇ ನಿಯಮ ಹೇಳಿದರು: "ಹೇಳಿದ್ದು ಆತು. ಹೇಳದಿದ್ದದ್ದು ಆಗ್ಲಿಲ್ಲ. ತಲಿ ಅಳ್ಳಾಡ್ಸಿದ್ರ ನಡ್ಯಂಗಿಲ್ಲ."

ಹಳ್ಳದ ದಾರಿಯಲ್ಲಿ ಬರುವ ರಾಕ್ಷಸನನ್ನು ಅಡಗಿ ಕೂತು ಹಿಡಿಯಬೇಕು. ಶಿವು ಶುರು ಮಾಡಿದ: "ಬಂಡಿ ಹೂಡ್ಕೊಂಡು ಗುಟ್ಟಾಗಿ ಹೋದ್ವಿ. ಕಲ್ಲಿನ ಹಿಂದ ಕೂತ್ವಿ."

"ಎತ್ತಿನ ಕೊಳ್ಳಾನ ಗಂಟಿ ಬಿಚ್ಚಿದೆ ಅಂದ್ಯೇನು?" ಎಂದರು ಕಾಕಾ. "ಇಲ್ಲ! ಝಣ್ ಝಣ್! ರಾಕ್ಷಸಗ ಕೇಳಿಸ್ತು. ಸತ್ರಿ."

ಗಂಟೆ ನನಗೆ ನೆನಪಿತ್ತು. ಹೇಳಿರಲಿಲ್ಲ, ಅಷ್ಟೆ.

ಎರಡನೆಯ ಸಲ ಗಂಟೆ ಬಿಚ್ಚಿದೆವು, ನನ್ನ ಕಾಲ್ಗೆಜ್ಜೆಯನ್ನೂ ಶಿವುವೇ ಬಿಚ್ಚಿಸಿದ. ಕಾದು ಕಾದು ಅವನಿಗೆ ಹಸಿವಾಯಿತು. "ಬುತ್ತಿ ಬಿಚ್ಚಿ ಇಬ್ರೂ ತಿಂದ್ವಿ."

"ಬುತ್ತ್ಯಾಗ ಏನದ?"

"ಕಡಕ್ ರೊಟ್ಟಿ, ಶೇಂಗಾ ಚಟ್ನಿ."

"ಕರ್ರುಂ ಕುರ್ರುಂ! ಸತ್ರಿ ಮತ್ತ."

ಅಜ್ಜನಿಗೆ ಈಗ ಸೊಕ್ಕೇರಿತು. ಮೂರನೆಯ ಸಲ ತೊಡೆ ತಟ್ಟಿದರು: "ನಾ ಮಂತ್ರದ ಕಷಾಯ ಕುಡದೀನಿ. ಕಾಣ್ಸಂಗೇ ಇಲ್ಲ! ಏನ್ ಹಿಡೀತೀರಿ?"

ಶಿವು ಕೈಚೆಲ್ಲಿದ. ಕಾಕಾ ಕವಡೆ ಹಿಡಿದು ನನ್ನತ್ತ ತಿರುಗಿದರು. ಒಳಗೆ ರೊಟ್ಟಿ ಬಡಿಯುವ ಸದ್ದೂ ನಿಂತಿತು.

"ರೊಟ್ಟಿ ಹಾಸ್ತೀನಿ," ಎಂದೆ.

"ಕೇಳಸ್ಲಿಲ್ಲ," ಎಂದರು ಕಾಕಾ.

"ಹುಣಸಿ ಗಿಡದ ಕೆಳಗ ಹಾದಿ ತುಂಬ ಕಡಕ್ ರೊಟ್ಟಿ ಹಾಸ್ತೀನಿ! ನಾವಿಬ್ರೂ ಗಿಡದ ಮ್ಯಾಲ ಅದೀವಿ. ರಾಕ್ಷಸ ಕಾಣ್ಲಿಲ್ಲಂದ್ರ ಏನಾತು? ತುಳದ್ರ ಕರ್ರುಂ ಅಂತದ. ಚಾದರ್ ಒಗದು ಹಿಡೀತೀವಿ!"

ಅಜ್ಜ ಎದ್ದೇ ನಿಂತರು. "ಏ ಪೋರಿ! ರೊಟ್ಟಿ ಮ್ಯಾಲ ಕಾಲಿಡ್ತೀನೇನ ನಾ? ಜ್ವಾಳ ಬೆಳಿಯಾಂವ ನಾ! ಇಲ್ಲೇ ನಿಂತೆ. ಒಂದ್ ಹೆಜ್ಜಿ ಮುಂದ ಇಡಂಗಿಲ್ಲ!"

"ಹೇಳಿದ್ದು ಆತು, ಅಜ್ಜಾ! ರೊಟ್ಟಿ ಅಂಚಿಗೇ ನಿಂತೀದಿ. ಶಿವೂ, ಒಗಿ ಚಾದರ್!"

ಕಾಕಾ ಕವಡೆ ಎಸೆದರು. ಗೆಲುವು! ಶಿವು ಹುರುಪಿನಲ್ಲಿ ನಿಜವಾದ ಚಾದರನ್ನೇ ಅಜ್ಜನ ತಲೆಯ ಮೇಲೆ ಎಸೆದ. ಗುಡ್ಡ, ಹಳ್ಳ, ಸುಣ್ಣ ಎಲ್ಲ ಅವರ ಮೀಸೆಗೆ! ಚಾದರಿನ ಒಳಗಿನಿಂದ ಅಜ್ಜನ ದನಿ ಬಂತು: "ಈಕಿ ಹಾದಿ ಕೇಳೂದೇನು, ಹಾದೀನೇ ಬಂದ್ ಮಾಡ್ತಾಳ! ಕಳಸ್ರಿ ಸೊಲ್ಲಾಪುರಕ್ಕ!"

ಹೋದೆ, ಓದಿದೆ. ಆಮೇಲೆ ನನ್ನ ಬಾಯಿ ಮುಚ್ಚಿಸಿದವರಿಲ್ಲ.

ಕೆಲವು ವರ್ಷಗಳ ನಂತರ ಅಂಗಡಿಯಲ್ಲಿ ಆ ಅಮೆರಿಕದ ಗಿರಾಕಿ ಸಿಕ್ಕರು. ತಲೆಯಾಡಿಸಿದರೆ ನಡೆಯುವುದಿಲ್ಲ ಎಂಬ ನಿಯಮದ ಬಗ್ಗೆ ಕೇಳಿದೆ. "ಹಂಗಂತ ನಾ ಹೇಳೇ ಇಲ್ಲಲ್ಲವ್ವಾ," ಎಂದರು. ಕಾಕಾನ ಕಡೆ ತಿರುಗಿದರೆ ಅವರು ಚಾದರ್ ಮಡಚುವುದರಲ್ಲಿ ಮಗ್ನ! ನಿನಗಾಗಿಯೇ ಹುಟ್ಟಿಸಿದೆ ಎಂದು ಕೊನೆಯವರೆಗೂ ಹೇಳಲಿಲ್ಲ. ಅವರದೇ ನಿಯಮದ ಪ್ರಕಾರ ಅವರು ಏನೂ ಮಾಡಿಲ್ಲ.

ಅದಕ್ಕೇ ಅವರ ಪರವಾಗಿ ನಾನು ಹೇಳುತ್ತಿದ್ದೇನೆ, ಜೋರಾಗಿ: ಮಾಡಿದರು.

ನಿಮಗಾಗಿ ಹೀಗೆ ಬಾಯಿಬಿಡದೆ ಮಾಡಿದವರು ಯಾರು? ಕೆಳಗೆ ಬರೆಯಿರಿ. ತಲೆಯಾಡಿಸಿದರೆ ನಡೆಯುವುದಿಲ್ಲ!