ಶಾಲೆಯ ಬೇಲಿಗೆ ನಾನು ಕಟ್ಟಿದ ಫ್ಲೆಕ್ಸ್

ಮೊದಲೇ ಹೇಳಿಬಿಡುತ್ತೇನೆ, ನನ್ನದೇನೂ ತಪ್ಪಿರಲಿಲ್ಲ. ತಪ್ಪೆಲ್ಲ ಆ ಇ-ಮೇಲಿನದು.

ನನ್ನ ಮಗಳು ಅನಘಾ ಆಗ ಆರನೆಯ ತರಗತಿಯಲ್ಲಿದ್ದಳು, ಪ್ರೈಮರಿ ಶಾಲೆಯ ಕೊನೆಯ ವರ್ಷ. ನಾವಿರುವ ಪರ್ತ್‌ನಲ್ಲಿ ಶಾಲೆಯ ವರ್ಷ ಮುಗಿಯುವುದು ಡಿಸೆಂಬರ್‌ನಲ್ಲಿ. ಆ ತಿಂಗಳ ಶುರುವಿನಲ್ಲಿ ಅವಳ ಶಾಲೆಯಿಂದ ಇ-ಮೇಲ್ ಬಂತು. ‘ವರ್ಷದ ಕೊನೆಯ ಅಸೆಂಬ್ಲಿಯಲ್ಲಿ ನಿಮ್ಮ ಮಗಳಿಗೆ ಒಂದು ಬಹುಮಾನ ಕೊಡುತ್ತಿದ್ದೇವೆ. ಗುರುವಾರ ಬೆಳಿಗ್ಗೆ ದಯವಿಟ್ಟು ಬನ್ನಿ. ಗುಟ್ಟಾಗಿರಲಿ.’ ಅಷ್ಟೇ! ಯಾವುದಕ್ಕೆ ಬಹುಮಾನ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ ಬಿಡಿ. ಗಣಿತಕ್ಕೆ! ನಮ್ಮ ವಂಶದಲ್ಲಿ ಬೇರೆ ಯಾವುದಕ್ಕೂ ಯಾರೂ ಬಹುಮಾನ ಪಡೆದ ದಾಖಲೆ ಇಲ್ಲ.

ಈ ಶಾಲೆಯ ಮೇಲೆ ನನಗೆ ಹಳೆಯ ಸಿಟ್ಟಿತ್ತು. ಹೈಸ್ಕೂಲು ಚೆನ್ನಾಗಿದೆ ಎಂದು ಅಷ್ಟು ಮೊದಲೇ ವಿಲೆಟನ್ ಬಡಾವಣೆಗೆ ಮನೆ ಬದಲಾಯಿಸಿದ ದೂರದೃಷ್ಟಿಯ ತಂದೆ ನಾನು. ಆದರೂ ಆರು ವರ್ಷದಲ್ಲಿ ನನ್ನ ಮಗಳ ರ‍್ಯಾಂಕ್ ಎಷ್ಟು ಎಂದು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಟೀಚರನ್ನು ಕಂಡು “ತರಗತಿಗೆ ಎಷ್ಟನೆಯವಳು?” ಎಂದು ಕೇಳಿದರೆ, “ಶೀ ಈಸ್ ಅ ಡಿಲೈಟ್” ಎಂದರು. ನೂರಕ್ಕೆ ಎಷ್ಟು ಡಿಲೈಟ್ ಎಂದು ಕೇಳುವಷ್ಟರಲ್ಲಿ ನನ್ನ ಹೆಂಡತಿ ಸುಧಾ ಮೇಜಿನ ಕೆಳಗೆ ಕಾಲು ತುಳಿದಳು.

ಇದು ಸಾಲದು ಎಂಬಂತೆ, ಪರೀಕ್ಷೆ ಇಡಬೇಕಾದ ಹೊತ್ತಿನಲ್ಲಿ ಮಕ್ಕಳನ್ನು ಮೂರು ದಿನ ಸಮುದ್ರದ ದಂಡೆಗೆ ಕ್ಯಾಂಪ್ ಕರೆದುಕೊಂಡು ಹೋದರು. ವರ್ಷದ ಕೊನೆಯ ಪ್ರವಾಸವಂತೆ! ನಾನು ಗಣಿ ಎಂಜಿನಿಯರು, ಎಂಟು ದಿನ ಉತ್ತರದ ಕೆಂಪು ಮಣ್ಣಿನಲ್ಲಿ ಕೆಲಸ, ಆರು ದಿನ ಮನೆ. ಕ್ಯಾಂಪಿನಿಂದ ಬಂದ ದಿನ ಮಗಳು ಗಣಿಗೆ ಫೋನ್ ಮಾಡಿ, “ಅಪ್ಪಾ, ಗೆಸ್ ವಾಟ್ ಐ ಡಿಡ್!” ಎಂದಳು.

“ಹೋಮ್‌ವರ್ಕ್?” ಎಂದೆ.

ಫೋನು ಅವಳಮ್ಮನ ಕೈಗೆ ಹೋಯಿತು.

ಬಹುಮಾನದ ಗುರುವಾರ ನನ್ನ ಕೆಲಸದ ದಿನಗಳ ನಟ್ಟನಡುವೆ ಬಿದ್ದಿತ್ತು. ಸಹೋದ್ಯೋಗಿಯೊಬ್ಬನ ಕಾಲು ಹಿಡಿದು ಪಾಳಿ ಬದಲಾಯಿಸಿಕೊಂಡೆ. ಅವನು ಅದಕ್ಕೆ ನನ್ನ ಕ್ರಿಸ್‌ಮಸ್ ರಜೆಯನ್ನೇ ಕಿತ್ತುಕೊಂಡ. ಹೋಗಲಿ, ಮಗಳ ಗಣಿತ ದೊಡ್ಡದು!

“ಯಾವ್ದಕ್ಕೆ ಕೊಡ್ತಿದಾರೆ ಅಂತ ಒಂದ್ಸಲ ಫೋನ್ ಮಾಡಿ ಕೇಳ್ಬಿಡ್ರೀ,” ಎಂದಳು ಸುಧಾ.

“ಕೇಳಿದ್ರೆ ನಂಗೇ ಅನುಮಾನ ಇದೆ ಅಂತಾಗತ್ತೆ.”

“ಸ್ವಲ್ಪ ಅನುಮಾನ ಇದ್ರೆ ಒಳ್ಳೇದೇ. ಕ್ಯಾಂಪಲ್ಲಿ ಅವ್ಳು ಏನ್ ಮಾಡಿದ್ಳು ಗೊತ್ತಾ...”

“ಆ ಕ್ಯಾಂಪಿನ ವಿಷ್ಯ ಎತ್ತಬೇಡ. ಬಿಪಿ ಏರತ್ತೆ.”

ಮೈಸೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಪಿಯುಸಿ ಪಾಸಾದರೆ ಸಾಕು, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದು ನಿಲ್ಲುತ್ತದೆ. ಶಾಲೆಗೇ ಪ್ರಥಮ ಬಂದವಳಿಗೆ ಒಂದು ಫ್ಲೆಕ್ಸ್ ಬೇಡವೇ? ಫ್ರೀಮ್ಯಾಂಟಲ್‌ನ ಒಂದು ಪ್ರಿಂಟಿಂಗ್ ಅಂಗಡಿಗೆ ಹೋದೆ. ‘ಗಣಿತದಲ್ಲಿ ಶಾಲೆಗೇ ಪ್ರಥಮ, ಕುಮಾರಿ ಅನಘಾಳಿಗೆ ಹಾರ್ದಿಕ ಅಭಿನಂದನೆಗಳು’ ಎಂದು ಕನ್ನಡದಲ್ಲಿ, ಅದನ್ನೇ ಇಂಗ್ಲಿಷಿನಲ್ಲಿ, ಕೆಳಗೆ ಆರು ಗೆಳೆಯರ ಫೋಟೋ. ಅಂಗಡಿಯಾಕೆ ಕನ್ನಡಕ ಏರಿಸಿ ನೋಡಿದಳು.

“ಈ ಮಗು ಎಲೆಕ್ಷನ್‌ಗೆ ನಿಂತಿದ್ದಾಳಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಇಲ್ಲ, ಗಣಿತದಲ್ಲಿ ಫಸ್ಟ್ ಬಂದಿದ್ದಾಳೆ.”

“ಮತ್ತೆ ಕೆಳಗಿನ ಈ ಗಂಡಸರು?”

“ಶುಭ ಕೋರುವವರು.”

“ಅವರು ಏನು ಮಾಡಿದ್ದಾರೆ?”

“ಕೋರಿದ್ದಾರೆ!”

ಇಷ್ಟು ಸರಳ ವಿಷಯ ಅರ್ಥವಾಗದ ದೇಶ!

ಆರು ಜನರಲ್ಲಿ ಐವರು ಕೇಳಿದ ತಕ್ಷಣ ಫೋಟೋ ಕಳಿಸಿದ್ದರು. ಆರನೆಯವನು ರಮೇಶ, ನನ್ನ ಹಳೆಯ ಸ್ನೇಹಿತ. ಅವನ ಮಗಳು ಮೇಘನಾ ನನ್ನ ಮಗಳ ತರಗತಿಯವಳೇ. “ಫ್ಲೆಕ್ಸಾ? ಸ್ಕೂಲಿಗಾ? ಬೇಡ ಕಣೋ, ಸುಮ್ನಿರೋ,” ಎಂದು ರಾಗ ಎಳೆದ. ಹೊಟ್ಟೆಕಿಚ್ಚು! ನನಗೆ ಮೈಯೆಲ್ಲ ಉರಿಯಿತು. ಆದರೂ ದೊಡ್ಡ ಮನಸ್ಸು ಮಾಡಿ, ಫೇಸ್‌ಬುಕ್ಕಿನಿಂದ ಅವನ ಫೋಟೋವನ್ನು ನಾನೇ ತೆಗೆದು ಹಾಕಿಸಿದೆ. ಅವನು ಶುಭ ಕೋರದಿದ್ದರೆ ನಾನೇ ಕೋರಿಸುತ್ತೇನೆ!

ಗುಟ್ಟನ್ನು ನಾನು ಚೆನ್ನಾಗಿಯೇ ಕಾಪಾಡಿದೆ. ಮೈಸೂರಿನ ನಲವತ್ತು ನೆಂಟರಿಗೂ ಪರ್ತ್‌ನ ಎಲ್ಲ ಕನ್ನಡಿಗರಿಗೂ ಮಾತ್ರ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆಯೇ ಬಿಸಿಲು ನೆತ್ತಿ ಸುಡುತ್ತಿತ್ತು. ಮಕ್ಕಳು ಒಳಗೆ ಹೋದ ಮೇಲೆ ನಾನು ಶಾಲೆಯ ಬೇಲಿಗೆ ಫ್ಲೆಕ್ಸನ್ನು ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದೆ, ಬಿರುಗಾಳಿ ಬಂದರೂ ಅಲ್ಲಾಡದಂತೆ. ಆಫೀಸಿಗೆ ರಜೆ ಹಾಕಿ ಬಂದ ಐವರು ಗೆಳೆಯರ ಕೈಯಲ್ಲಿ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ತಟ್ಟೆ. ಸನ್ಮಾನವೆಂದರೆ ಸನ್ಮಾನ! ಕಾವಲಿದ್ದ ಟೀಚರೊಬ್ಬರು ಫ್ಲೆಕ್ಸನ್ನು ತಲೆ ವಾಲಿಸಿ ಓದಿ, “ಲವ್ಲಿ ಕಲರ್ಸ್” ಎಂದು ಬೇಗ ಬೇಗ ಹೊರಟುಹೋದರು. ಆಗಲಾದರೂ ನನಗೆ ತಿಳಿಯಬೇಕಿತ್ತು.

ತಗಡಿನ ಚಾವಣಿಯ ಕೆಳಗೆ ಅಸೆಂಬ್ಲಿ ಶುರುವಾಯಿತು. ಪ್ರಿನ್ಸಿಪಾಲರು ಗಣಿತದ ಬಹುಮಾನ ಎಂದರು. ನಾನು ಹಾರ ಹಿಡಿದು ಏಳತೊಡಗಿದೆ.

“ಮೇಘನಾ ರಮೇಶ್!”

ಅರ್ಧ ಎದ್ದವನು ಹಾಗೇ ನಿಂತೆ. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ರಮೇಶ ನೆಲ ನೋಡುತ್ತಾ ಕೂತಿದ್ದಾನೆ.

“ಏನೋ ಇದು?”

“ನಂಗೂ ಇ-ಮೇಲ್ ಬಂದಿತ್ತು ಕಣೋ.”

“ಹೇಳ್ಬಾರ್ದಿತ್ತಾ?”

“ಗುಟ್ಟು ಅಂತ ಬರ್ದಿದ್ರಲ್ಲೋ!”

ಇಡೀ ಕನ್ನಡ ಕುಲದಲ್ಲಿ ಇ-ಮೇಲನ್ನು ಪೂರ್ತಿ ಓದಿ ಪಾಲಿಸಿದ ಏಕೈಕ ಪುರುಷ, ಅವನು ನನಗೇ ಸ್ನೇಹಿತನಾಗಬೇಕಿತ್ತೇ! ಅವನ ಮಗಳು ಬಹುಮಾನ ಪಡೆಯುತ್ತಿದ್ದರೆ ಹೊರಗೆ ಬೇಲಿಯ ಮೇಲೆ ಅವನು ನನ್ನ ಮಗಳಿಗೆ ನಗುನಗುತ್ತಾ ಶುಭ ಕೋರುತ್ತಿದ್ದ.

ಕೊನೆಗೆ ಅನಘಾಳ ಹೆಸರು ಬಂತು. ಧೈರ್ಯಕ್ಕಾಗಿ ಬಹುಮಾನ. ಪ್ರಿನ್ಸಿಪಾಲರು ಓದಿದರು: ನೀರೆಂದರೆ ನಡುಗುತ್ತಿದ್ದ ಈ ಹುಡುಗಿ ಕ್ಯಾಂಪಿನಲ್ಲಿ ಎರಡು ದಿನ ಸಮುದ್ರದೊಳಕ್ಕೆ ಚಾಚಿದ ಮರದ ಕಟ್ಟೆಯ ಹತ್ತಿರವೂ ಸುಳಿಯಲಿಲ್ಲ. ಮೂರನೆಯ ದಿನ ತಾನಾಗಿ ನಡೆದು ಬಂದು ಸಮುದ್ರಕ್ಕೆ ಹಾರಿದಳು. ಆಮೇಲೆ ಅವಳಂತೆಯೇ ಹೆದರಿದ್ದ ಇನ್ನೂ ಮೂವರ ಕೈ ಹಿಡಿದು, ಒಬ್ಬೊಬ್ಬರ ಜೊತೆಗೂ ಮತ್ತೊಮ್ಮೆ ಹಾರಿದಳು. ಮಕ್ಕಳೆಲ್ಲ ಕೂಗಿ ಚಪ್ಪಾಳೆ ತಟ್ಟಿದರು. ಮಗಳು ಓಡುತ್ತಾ ವೇದಿಕೆ ಹತ್ತಿದಳು. ಅಷ್ಟು ನಗುವನ್ನು ನಾನು ಅವಳ ಮುಖದಲ್ಲಿ ಹಿಂದೆ ಕಂಡಿರಲಿಲ್ಲ.

ಮನುಷ್ಯನಾದವನು ಅಲ್ಲಿ ಚಪ್ಪಾಳೆ ತಟ್ಟಬೇಕು. ನಾನು ಎದ್ದು ನಿಂತು ಕೈ ಎತ್ತಿದೆ.

“ಎಕ್ಸ್‌ಕ್ಯೂಸ್ ಮೀ! ಗಣಿತದ ಲಿಸ್ಟನ್ನು ಇನ್ನೊಂದು ಸಲ ಚೆಕ್ ಮಾಡ್ತೀರಾ?”

ಚಪ್ಪಾಳೆ ನಿಂತಿತು. ಪ್ರಿನ್ಸಿಪಾಲರು ಮೈಕಿನಲ್ಲೇ, “ಸರ್, ಇದು ಧೈರ್ಯಕ್ಕೆ ಕೊಡುವ ಬಹುಮಾನ” ಎಂದರು.

“ಧೈರ್ಯ ಸರಿ, ನೂರಕ್ಕೆ ಎಷ್ಟು?”

ಸುಧಾ ನನ್ನ ಅಂಗಿ ಹಿಡಿದು ಜಗ್ಗಿದಳು. ವೇದಿಕೆಯ ಮೇಲೆ ಮಗಳು ಕೈಯಲ್ಲಿದ್ದ ಸರ್ಟಿಫಿಕೇಟನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡಳು. ಆ ಕ್ಷಣ ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಆಗಲಿಲ್ಲ. ಸಿಟ್ಟೇ ಬಂತು. ಇ-ಮೇಲ್ ಬರೆದವರ ಮೇಲೆ, ರಮೇಶನ ಮೇಲೆ, ಸಮುದ್ರದ ಮೇಲೆ!

ಅಸೆಂಬ್ಲಿ ಮುಗಿದು ಶಾಲೆ ಬಿಟ್ಟ ಕೂಡಲೇ ಬೇಲಿಗೆ ಓಡಿದೆ. ಕತ್ತರಿ ತಂದಿರಲಿಲ್ಲ. ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದೆ, ತಿರುಚಿದೆ, ಕೊನೆಗೆ ಹಲ್ಲಿನಿಂದ ಕಚ್ಚಿದೆ. ಗಣಿಯಲ್ಲಿ ಬಂಡೆ ಸಿಡಿಸುವವನಿಗೆ ಒಂದು ಪಟ್ಟಿ ಬಿಚ್ಚಲಾಗಲಿಲ್ಲ. ಗೆಳೆಯರು ಹಣ್ಣಿನ ತಟ್ಟೆಯನ್ನು ನನ್ನ ಕಾಲ ಬಳಿ ಇಟ್ಟು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಸುಧಾ ಬಂದಳು. “ಬಕೆಟ್ ನೀರಿಗೇ ಹೆದರ್ತಿದ್ದ ಮಗು ರೀ ಅದು. ಫೋನಲ್ಲಿ ಮೊದ್ಲು ನಿಮ್ಗೇ ಹೇಳ್ಬೇಕು ಅಂತ ಕುಣೀತಿದ್ಳು,” ಎಂದಳು. ಅಷ್ಟು ಹೇಳಿ ಕಾರಿನ ಕಡೆ ನಡೆದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅಷ್ಟರಲ್ಲಿ ಅನಘಾ ಬಂದು ಫ್ಲೆಕ್ಸಿನ ಮುಂದೆ ನಿಂತಳು.

“ಅಪ್ಪಾ, ಆಮ್ ಐ ಫಸ್ಟ್ ಇನ್ ಮ್ಯಾಥ್ಸ್?”

“ಇಲ್ಲ, ಮಗಳೇ.”

“ದೆನ್ ವೈ...” ಎಂದವಳು ಅರ್ಧಕ್ಕೇ ನಿಲ್ಲಿಸಿ, ಫ್ಲೆಕ್ಸಿನ ಎಡಮೂಲೆಯನ್ನು ನೋಡಿದಳು. ಊರಿನ ಪದ್ಧತಿಯಂತೆ, ಹಾಕಿಸಿದವನ ಫೋಟೋ ಅಲ್ಲಿತ್ತು. ಕೈ ಮುಗಿದುಕೊಂಡು ನಿಂತ ನಾನು. “ಅಪ್ಪಾ, ಯುವರ್ ಫೇಸ್ ಈಸ್ ಬಿಗರ್ ದ್ಯಾನ್ ಮೈನ್.”

“ಛೇ ಛೇ, ಇಲ್ಲ ಪುಟ್ಟಾ. ಹಂಗೆ ಕಾಣ್ಸತ್ತೆ ಅಷ್ಟೆ.”

ಅವಳು ಸರ್ಟಿಫಿಕೇಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಕಾರಿನ ಹತ್ತಿರ ಹೋದಳು.

ಅವಳು ಹೇಳಿದ್ದು ಸುಳ್ಳೆಂದು ಸಾಬೀತು ಮಾಡಲೇಬೇಕಿತ್ತು. ಗೇಣು ಹಾಕಿ ಅಳೆದೆ. ಅವಳ ಮುಖ ಎರಡು ಗೇಣು. ನನ್ನದು ಮೂರು. ಇನ್ನೊಮ್ಮೆ ಅಳೆದೆ. ಮೂರೇ.

ಸಿಟ್ಟು ನೆತ್ತಿಗೇರಿತು. ಯಾರ ಮೇಲಾದರೂ ಹರಿಹಾಯೋಣವೆಂದು ಸುತ್ತಲೂ ನೋಡಿದೆ. ಎಲ್ಲರೂ ಹೋಗಿಬಿಟ್ಟಿದ್ದರು. ಉಳಿದವನು ನಾನೊಬ್ಬನೇ.