ಐದು ಗಂಟೆಯ ಧ್ವನಿವರ್ಧಕರಿಗೆ 'ಹಳಸಿದ ಏಡಿ'ಯ ಗಿಟಾರಿನವನ ಬಿನ್ನಹ

ಶಿಯೊನಾಗಿ ಬಂದರಿನ ಕಟ್ಟೆಯ ಮೇಲೆ, ಬೊಂಡಾಸ್ ಮೀನು ಒಣಹಾಕುವ ಅಂಗಳಕ್ಕೆ ಮುಖಮಾಡಿ ನಿಂತಿರುವ ಪುರಸಭೆಯ ಧ್ವನಿವರ್ಧಕ ಕಂಬದವರ ಸನ್ನಿಧಿಗೆ,

ಮಾನ್ಯರೇ,

ಉಪ್ಪುಗಾಳಿಗೆ ಮೈಯೆಲ್ಲ ತುಕ್ಕು ಹಿಡಿದರೂ ಸ್ವರ ಬಿಡದ ತಮಗೆ, ನಾಲ್ಕು ದಿಕ್ಕಿಗೆ ನಾಲ್ಕು ಬಾಯಿಗಳಿದ್ದೂ ಒಂದು ಕಿವಿಯೂ ಇಲ್ಲದ ತಮಗೆ, 'ಹಳಸಿದ ಏಡಿ' ಎಂಬ ಪಂಕ್ ರಾಕ್ ತಂಡದ ಗಿಟಾರಿನವನಾದ ಉಚಿದಾಟೆ ಕಾನ್‌ಜಿ ಸೊಂಟ ಬಗ್ಗಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ಪ್ರತಿದಿನ ಸಂಜೆ ಐದಕ್ಕೆ ಊರಿಗೆಲ್ಲ ತಿಳಿಯುತ್ತದೆ. ನಾನು ಕ್ಷೇಮವಾಗಿಲ್ಲ, ಮೀನುಗಾರರ ಸಹಕಾರ ಸಂಘದ ಖಾಲಿ ಶೆಡ್ಡಿನಲ್ಲಿ, ಇನ್ನೂ ಬಿಸಿ ಆರದ ನನ್ನ ಗಿಟಾರಿನ ಆಂಪ್ ಪೆಟ್ಟಿಗೆಯ ಮೇಲೆ ಕುಳಿತು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮ ದೊಡ್ಡ ಮನಸ್ಸನ್ನು ಹೊಗಳದೆ ದೂರಿಗೆ ಇಳಿದರೆ ನನ್ನ ಬಾಯಿಗೆ ಹುಳ ಬಿದ್ದೀತು. ನಾವು ಹೈಸ್ಕೂಲಿನಲ್ಲಿದ್ದಾಗ, ಈ ಕಟ್ಟೆಯ ಮೇಲೆ ಮೋಜು ರಂಗೇರುವ ಹೊತ್ತಿಗೆ ಸರಿಯಾಗಿ, ಸಂಜೆ ಐದಕ್ಕೆ, ತಾವು ಒಂದು ಜೋಗುಳ ಶುರುಮಾಡಿ, ಮಕ್ಕಳೇ ಹೊತ್ತಾಯಿತು ಮನೆಗೆ ನಡೆಯಿರಿ ಎಂದು ಎಲ್ಲರನ್ನೂ ಅಟ್ಟುತ್ತಿದ್ದಿರಿ. ಹೋಗದೆ ಉಳಿದವರು ಮೂವರು: ಬೇಸ್ ಗಿಟಾರ್ ನುಡಿಸುತ್ತ ಹಾಡುವ ರಿತ್ಸುಕೊ, ಡ್ರಮ್ಸ್ ಬಡಿಯುವ ಕೊಹೆಯ್ ಮತ್ತು ನಾನು. ಆ ಸಿಟ್ಟಿನಲ್ಲಿ ತಮ್ಮನ್ನೇ ಬೈದು ಬರೆದ ಹಾಡು 'ಮನೆಗೆ ಹೋಗಲ್ಲ'. ಅದರ ಎರಡನೆಯ ಚರಣದಲ್ಲಿ ತಮ್ಮ ಕುತ್ತಿಗೆ ತಿರುಚಿ ಕಡಲಕಾಗೆಗಳಿಗೆ ಹಾಕುವ ಪ್ರತಿಜ್ಞೆಯಿದೆ. ಆ ಒಂದು ಹಾಡನ್ನು ವ್ಯಾನಿಗೆ ಹಾಕಿಕೊಂಡು ನಾವು ದಕ್ಷಿಣದ ಕಾಗೊಶಿಮಾದಿಂದ ಉತ್ತರದ ತುದಿಯ ವಕ್ಕನಾಯಿವರೆಗೆ ಜಪಾನ್ ಸುತ್ತಿದೆವು. ನೆಲಮಾಳಿಗೆಗಳಲ್ಲಿ ಜಿಗಿದೆವು, ಹೆದ್ದಾರಿಯ ತಂಗುದಾಣಗಳಲ್ಲಿ ಮಲಗಿದೆವು, ಅರಾಜಕತೆಗೆ ಜಯವಾಗಲಿ ಎಂದು ಅರಚುವ ಮೊದಲು ಸೌಂಡಿನವರಿಗೆ ತಲೆಬಾಗಿ 'ದಯವಿಟ್ಟು ನೋಡಿಕೊಳ್ಳಿ' ಎಂದೆವು. ಎಲ್ಲಿ ಹೋದರೂ ಜನ ಕೇಳಿದ್ದು ಅದೊಂದೇ ಹಾಡನ್ನು. ಅದೇ ನಮ್ಮ ಅನ್ನ.

ನಮ್ಮ ಹೆಸರು ಊರಿಗೆ ಮುಟ್ಟಿದ ವರ್ಷ ಪುರಸಭೆಯ ನುಮಾಜಿರಿಯವರು ಒಣ ಬೊಂಡಾಸಿನ ಉಡುಗೊರೆ ಡಬ್ಬಿ ಹಿಡಿದು ನಾವು ನುಡಿಸುತ್ತಿದ್ದ ಸೆಂಡಾಯಿವರೆಗೆ ಬಂದರು. "ಊರಿನ ಮಕ್ಕಳು ಹೆಸರು ತಂದ್ರಿ. ಇನ್ಮೇಲೆ ಸಂಜೆ ಐದಕ್ಕೆ ನಿಮ್ಮ ಹಾಡೇ ಹಾಕೋಣ ಅಂತ ಎಲ್ರೂ ಒಪ್ಪಿದಾರೆ" ಎಂದರು. ರಿತ್ಸುಕೊ ಕುಣಿದಾಡಿದಳು. "ಹಾಕ್ರಿ, ಹಾಕ್ರಿ! ಒಂದೊಂದು ಕಂಬನೂ ಬಂಡಾಯ ಏಳ್ಲಿ!"

ಕಂಬಗಳು ಏಳಲಿಲ್ಲ. ತಾವು ಹಾಡಿನ ಮಾತುಗಳನ್ನೆಲ್ಲ ನುಂಗಿ, ವೇಗವನ್ನು ಮಲಗಿಸಿ, ಮಗುವಿನ ಗಿಲಕಿಯಂಥ ಗಂಟೆಯ ದನಿಯಲ್ಲಿ ಅದನ್ನು ತೊಟ್ಟಿಲು ತೂಗುವ ಹಾಡು ಮಾಡಿದಿರಿ. ಮನೆಗೆ ಹೋಗಲ್ಲ ಎಂಬ ಹಾಡು ಕೇಳಿ ಊರಿನ ಒಂದು ಇಡೀ ಪೀಳಿಗೆ ಸಮಯಕ್ಕೆ ಸರಿಯಾಗಿ ಮನೆಗೆ ಹೋಗಿ, ಕೈಕಾಲು ತೊಳೆದು, ಬೆಳೆದು ದೊಡ್ಡದಾಯಿತು. ಗಿಟಾರನ್ನೇಕೆ ಕಿತ್ತುಹಾಕಿದಿರಿ ಎಂದು ನುಮಾಜಿರಿಯವರನ್ನು ವಿಚಾರಿಸಿದ್ದೆ. "ತಪ್ಪು ತಿಳ್ಕೋಬೇಡಿ ಕಾನ್‌ಜಿ ಅವರೇ, ಅದನ್ನ ಹಾಕಿ ನೋಡಿದ್ವಿ. ಭೂಕಂಪದ ಎಚ್ಚರಿಕೆ ಅಂದ್ಕೊಂಡು ಅಜ್ಜಿಯಂದ್ರೆಲ್ಲ ಮೇಜಿನ ಕೆಳಗೆ ಸೇರ್ಕೊಂಡ್ರು" ಎಂದರು. ನನ್ನ ವಾದನದ ಬಗ್ಗೆ ಇಷ್ಟು ಒಳ್ಳೆಯ ವಿಮರ್ಶೆಯನ್ನು ಯಾವ ಪತ್ರಿಕೆಯೂ ಬರೆದಿಲ್ಲ.

ಇಷ್ಟನ್ನೂ ನುಂಗಿಕೊಂಡಿದ್ದೆ. ಆದರೆ ಇವತ್ತಿನದು ನುಂಗುವ ತುತ್ತಲ್ಲ. ಹೆಸರು ಬಂದಮೇಲೆ ಊರಿನಲ್ಲಿ ನಮ್ಮ ಮೊದಲ ಕಾರ್ಯಕ್ರಮ ಇದು. ನಾಳೆ ಅಕಿತಾದಿಂದ ಹೊಸ ಸುತ್ತು ಶುರುವಾಗಬೇಕು. ಮದುವೆಯಾದಾಗಿನಿಂದ ಇಲ್ಲೇ ನೆಲೆಸಿ ಬೊಂಡಾಸ್ ಕಾರ್ಖಾನೆಯಲ್ಲಿ ದುಡಿಯುವ ಕೊಹೆಯ್ ಬೆಳಿಗ್ಗೆ ಡ್ರಮ್ ಬಿಗಿಯುತ್ತ ಹೇಳಿದ: "ನೋಡು, ಇವತ್ತು ನಮ್ಮೂರ ಜನ ಎದ್ದು ಕುಣಿದ್ರೆ ನಾಳೆ ನಾನೂ ವ್ಯಾನ್ ಹತ್ತೀನಿ. ಇಲ್ಲಾಂದ್ರೆ ಇಷ್ಟು ವರ್ಷ ಬಡಿದಿದ್ದೆಲ್ಲ ಗಾಳಿಗೆ ಗುದ್ದಿದ್ದು ಅಂತ ಲೆಕ್ಕ. ಕೋಲು ಇಲ್ಲೇ ಇಟ್ಟುಬಿಡ್ತೀನಿ ಕಣೋ." ಅವನಿಲ್ಲದ ತಂಡ ಎರಡು ಕಾಲಿನ ಮುಕ್ಕಾಲಿ. ಹೈಸ್ಕೂಲಿನಿಂದ ನಾನು ಬೇರೆಯವನ ತಾಳಕ್ಕೆ ನುಡಿಸಿದವನಲ್ಲ, ನುಡಿಸಲು ನನಗೆ ಬರುವುದೂ ಇಲ್ಲ.

ಶೆಡ್ಡು ತುಂಬಿತ್ತು. ಜನ ಕೈಕಟ್ಟಿ ನಿಂತು, ಒಂದೊಂದು ಹಾಡಿಗೂ ಶಾಲಾ ವಾರ್ಷಿಕೋತ್ಸವದಲ್ಲಿ ತಟ್ಟುವ ಹಾಗೆ ಚಪ್ಪಾಳೆ ತಟ್ಟಿದರು. ಇರಲಿ, ಬ್ರಹ್ಮಾಸ್ತ್ರ ಬತ್ತಳಿಕೆಯಲ್ಲೇ ಇದೆಯಲ್ಲ ಎಂದು ನಾನು ಎದೆಯುಬ್ಬಿಸಿಕೊಂಡೇ ಇದ್ದೆ. ಐದು ಗಂಟೆಗೆ ಇನ್ನೂ ಹೊತ್ತಿತ್ತು. ಮೊಣಕಾಲಿನ ಅನುಮತಿ ಪಡೆದು ಮೇಲಕ್ಕೆ ಜಿಗಿದು 'ಮನೆಗೆ ಹೋಗಲ್ಲ'ದ ಮೊದಲ ಪೆಟ್ಟು ಹೊಡೆದೆ. ರಿತ್ಸುಕೊ ಮೊದಲ ಸಾಲು ಅರಚಿದಳು. ಇಡೀ ಸಭೆ ಬೆಚ್ಚಿಬಿದ್ದು ಒಬ್ಬರ ಮುಖ ಒಬ್ಬರು ನೋಡಿಕೊಂಡಿತು.

"ಅಯ್ಯೋ, ಅಕ್ಕಿ ತೊಳೆದೇ ಇಟ್ಟಿಲ್ಲ!" ಎಂದು ಒಬ್ಬಾಕೆ ಚೀಲ ಎತ್ತಿಕೊಂಡಳು. ಹಸಿರು ಬಣ್ಣದ ಜುಟ್ಟನ್ನು ಮುಳ್ಳಿನಂತೆ ನಿಲ್ಲಿಸಿಕೊಂಡು ಮುಂದಿನ ಸಾಲಿನಲ್ಲಿದ್ದ ತರುಣ, "ತುಂಬ ಚೆನ್ನಾಗಿತ್ತಣ್ಣ, ಹೋಗ್ಬರ್ತೀನಿ" ಎಂದು ಬಗ್ಗಿ ನಮಸ್ಕರಿಸಿದ. ತಳ್ಳಾಟವಿಲ್ಲದೆ, ಸಾಲು ತಪ್ಪದೆ, ಬಾಗಿಲ ಬಳಿ ಒಬ್ಬೊಬ್ಬರೂ ತಿರುಗಿ ತಲೆಬಾಗಿ ಊರಿಗೆ ಊರೇ ಮನೆಗೆ ಹೊರಟಿತು. ತಾಳವಾದರೂ ಇದೆಯಲ್ಲ ಎಂದು ಹಿಂದಿರುಗಿ ನೋಡಿದರೆ ಅದೂ ನಿಂತಿತ್ತು. ಕೊಹೆಯ್ ಜಾಕೀಟು ಹಾಕಿಕೊಳ್ಳುತ್ತಿದ್ದ. "ನನ್ನ ಮಗು ಇಯೊರೀನ ಶಿಶುವಿಹಾರದಿಂದ ಕರ್ಕೊಂಡು ಬರೋ ಹೊತ್ತಾಯ್ತು ಕಣೋ!" ಎಂದು ಕೋಲುಗಳನ್ನು ಹಿಂದಿನ ಜೇಬಿಗೆ ಸಿಕ್ಕಿಸಿ ಓಡಿದ. ರಿತ್ಸುಕೊ ಹಾಡನ್ನು ಪೂರ್ತಿ ಮುಗಿಸಿ, ಬೇಸ್ ಗಿಟಾರನ್ನು ನೆಲಕ್ಕಿಟ್ಟು, "ಮುಗೀತು ಬಿಡು" ಎಂದಳು. ಆಮೇಲೆ ಐದಾಯಿತು. ಅಟ್ಟಲು ಒಂದು ನರಪಿಳ್ಳೆಯೂ ಉಳಿದಿರದ ಊರಿಗೆ ತಾವು ಎಂದಿನ ಶ್ರದ್ಧೆಯಿಂದ ನಮ್ಮ ಹಾಡನ್ನು ಹಾಡಿದಿರಿ.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಹೀಗಿವೆ. ಇನ್ನು ಮುಂದೆ ತಾವು ಈ ಹಾಡನ್ನು ನಮ್ಮ ವೇಗದಲ್ಲೇ ಹಾಡತಕ್ಕದ್ದು. ಮಕ್ಕಳು ಹೊರಡುವ ಮೊದಲೇ ಮನೆ ಮುಟ್ಟಿದರೆ ಪುರಸಭೆಗೂ ಕೀರ್ತಿ. ವಾರಕ್ಕೊಮ್ಮೆಯಾದರೂ ತಮಗೆ ಗಂಟಲು ಕಟ್ಟತಕ್ಕದ್ದು. ಕೊಹೆಯ್‌ನನ್ನು ಮನೆಗೆ ಅಟ್ಟಿದ್ದು ತಾವಾದ್ದರಿಂದ ಅವನ ಜಾಗದಲ್ಲಿ ತಾವೇ ನಾಳೆ ವ್ಯಾನ್ ಹತ್ತತಕ್ಕದ್ದು. ಉದ್ದ ಹೆಚ್ಚಾದರೆ ಕಿಟಕಿಯಿಂದ ತಲೆ ಹೊರಗಿಟ್ಟು ಬರಬಹುದು, ನಮ್ಮಲ್ಲಿ ಹಿಂದೆಯೂ ಹಾಗೆ ಬಂದವರಿದ್ದಾರೆ. ಮತ್ತು ಅಕಿತಾದ ಜನರೆದುರು ತಾವು ಒಂಟಿಕಾಲಿನಲ್ಲಿ ನಿಂತು

ಕ್ಷಮಿಸಿ, ಯಾರೋ ಬಾಗಿಲು ಬಡಿಯುತ್ತಿದ್ದಾರೆ.

ಮಾನ್ಯರೇ, ಇದು ಮರುದಿನ ಬೆಳಿಗ್ಗೆ, ಓಡುವ ವ್ಯಾನಿನ ಹಿಂದಿನ ಸೀಟಿನಲ್ಲಿ ಬರೆದದ್ದು. ಅಕ್ಷರ ಕುಣಿದಿದ್ದರೆ ಅದು ರಸ್ತೆಯ ತಪ್ಪಲ್ಲ. ನಿನ್ನೆ ಬಾಗಿಲು ಬಡಿದದ್ದು ಊರು. ಒದ್ದೆ ತಲೆಗೂದಲು, ಕುತ್ತಿಗೆಗೆ ಟವೆಲು, ಕಾಲಿಗೆ ಮನೆಯ ಚಪ್ಪಲಿ, ಕೈಯಲ್ಲಿ ಬೊಂಡಾಸ್ ಮೂಲಂಗಿ ಬೇಯಿಸಿದ ದೊಡ್ಡ ಪಾತ್ರೆ. ಮುಂದೆ ನಿಂತಿದ್ದ ಮುದುಕಿ ಗದರಿದಳು: "ಏನ್ರಪ್ಪಾ, ಗಂಟುಮೂಟೆ ಕಟ್ತಿದ್ದೀರಾ? ಹೋಗ್ಬರ್ತೀವಿ ಅಂದಿರ್ಲಿಲ್ವಾ? ಸ್ನಾನ ಆಯ್ತು, ಊಟ ಆಯ್ತು, ಮಕ್ಕಳೂ ಮನೆ ಸೇರಿದ್ರು. ಈಗ ಎಷ್ಟು ಬೇಕಾದ್ರೂ ಗದ್ದಲ ಹಾಕಿ. ಆ ಹಾಡೊಂದನ್ನ ಮಾತ್ರ ಮುಟ್ಬೇಡಿ, ಮತ್ತೆ ಎದ್ದು ಹೋಗ್ಬೇಕಾಗುತ್ತೆ!" ಅವಳ ಹಿಂದೆ ಕೊಹೆಯ್, ಅವನ ಹೆಗಲ ಮೇಲೆ ತಲೆಗಿಂತ ದೊಡ್ಡ ಕಿವಿಮುಚ್ಚಳ ಹಾಕಿಕೊಂಡ ಇಯೊರಿ.

ಆ ಹಾಡೊಂದನ್ನು ಬಿಟ್ಟು ನಮ್ಮಲ್ಲಿರುವುದನ್ನೆಲ್ಲ ನುಡಿಸಿದೆವು. ಬೇರೆ ಊರುಗಳಲ್ಲಿ ಯಾರೂ ಕೇಳಿಸಿಕೊಳ್ಳದೆ ಹೋದ ಹಾಡುಗಳೆಲ್ಲ ಹೊರಬಂದವು. 'ಪುರಸಭೆಗೆ ಬೆಂಕಿ' ಶುರುವಾದಾಗ ಹೊರಗೆ ನಿಂತಿದ್ದವರೂ ಒಳಕ್ಕೆ ನುಗ್ಗಿದರು. ನುಮಾಜಿರಿಯವರು ಟೈ ಕಿತ್ತೆಸೆದು, ಮೀನಿನ ಪೆಟ್ಟಿಗೆಗಳ ಮೇಲಿಂದ ಜನರ ಮೇಲೆ ಧುಮುಕಿದರು. ನಮ್ಮೂರಿನವರು ಅವರನ್ನು ಹಿಡಿದು, ನೆಟ್ಟಗೆ ನಿಲ್ಲಿಸಿ, ಪ್ಯಾಂಟಿನ ಧೂಳು ಕೊಡವಿ ಮತ್ತೆ ಕುಣಿದರು. ಒಂದೇ ಹಾಡಿನ ತಂಡ ಎಂದು ನಾವೇ ನಂಬಿಕೊಂಡಿದ್ದೆವಲ್ಲ ಮಾನ್ಯರೇ, ಅದು ಸುಳ್ಳಾಯಿತು. ಕೊಹೆಯ್ ಬಡಿದ ರಭಸಕ್ಕೆ ಕೋಲು ಮುರಿದುಕೊಂಡು, ಬೆವರು ಒರೆಸಿಕೊಂಡು, "ನಾಳೆ ವ್ಯಾನ್ ಎಷ್ಟೊತ್ತಿಗೋ?" ಎಂದಾಗ ನಾನು ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ. ಈಗ ಅವನೇ ವ್ಯಾನ್ ಓಡಿಸುತ್ತಿದ್ದಾನೆ, ಬಹಳ ಕೆಟ್ಟದಾಗಿ.

ಆದುದರಿಂದ ಮೇಲಿನ ಪ್ರಾರ್ಥನೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ತಮ್ಮನ್ನು ಬೈಯಲು ಬರೆದ ಹಾಡನ್ನು ಈ ಊರಿನ ಮಟ್ಟಿಗೆ ತಮಗೇ ಬಿಟ್ಟುಕೊಟ್ಟಿದ್ದೇವೆ. ಚೆನ್ನಾಗಿ ಹಾಡಿಕೊಂಡಿರಿ.

ಬಯ್ಗುಳವನ್ನೂ ಲಾಲಿ ಮಾಡಬಲ್ಲ ತಮ್ಮ ವಿಶ್ವಾಸಿ,
ಉಚಿದಾಟೆ ಕಾನ್‌ಜಿ

ತಾ.ಕ.: ಈಗಷ್ಟೇ ನುಮಾಜಿರಿಯವರ ಫೋನ್ ಬಂದಿತ್ತು. 'ಪುರಸಭೆಗೆ ಬೆಂಕಿ' ಅಧ್ಯಕ್ಷರಿಗೂ ಬಹಳ ಹಿಡಿಸಿದ್ದು, ಕಚೇರಿಯ ಬೆಂಕಿ ಕವಾಯತಿಗೆ ಅದನ್ನೇ ತಮ್ಮಿಂದ ಹಾಡಿಸುತ್ತಾರಂತೆ. ರಿತ್ಸುಕೊ ಸಂತೋಷದಿಂದ ಒಪ್ಪಿದ್ದಾಳೆ. ಆದರೆ ಅದನ್ನು ಕೇಳಿದೊಡನೆ ಏನು ಮಾಡಬೇಕೆಂದು ಊರು ನಿನ್ನೆಯೇ ಕಲಿತುಬಿಟ್ಟಿದೆ. ಕವಾಯತಿನ ದಿನ ಜನ ಹೊರಗೆ ಓಡುವ ಬದಲು ಕಚೇರಿಯೊಳಕ್ಕೆ ನುಗ್ಗಿ ಅಧ್ಯಕ್ಷರ ಮೇಜು ಹತ್ತಿ ಕುಣಿದರೆ, ದಯವಿಟ್ಟು ಅವರನ್ನು ಮನೆಗೆ ಅಟ್ಟುವ ಹಾಡಿಗೆ ತಾವು ಐದು ಗಂಟೆಯವರೆಗೆ ಬಾಯಿ ತೆರೆಯಬೇಡಿ.